ಹಳೆಯ ಡ್ರೋನು ಹಾರಿದ ಸಮಾಚಾರ

ಶೆಫೀಲ್ಡ್, ಇಂಗ್ಲೆಂಡ್
12 ಅಕ್ಟೋಬರ್ 2025

ತೀರ್ಥರೂಪು ಅಪ್ಪಯ್ಯನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹೋದ ವಾರ ಫೋನಿನಲ್ಲಿ ಡ್ರೋನು ರಿಪೇರಿಯಾಯಿತೆಂದು ಹೇಳಿದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ: ‘ಏನು ಕೆಟ್ಟಿತ್ತು?’ ಅಷ್ಟರಲ್ಲಿ ಲೈನು ಕಡಿದುಹೋಯಿತು. ಕಡಿಯದಿದ್ದರೂ ಅದು ಫೋನಿನಲ್ಲಿ ಹೇಳಿ ಮುಗಿಸುವಂಥ ಸಂಗತಿಯಲ್ಲವಾದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಒಂದು ಬಗೆಯ ಸಂತೆ ಸೇರುತ್ತದೆ. ಮನೆಗೆ ಬೇಡವಾದ ಸಾಮಾನನ್ನು ಜನ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದು, ಡಿಕ್ಕಿಯನ್ನೇ ಅಂಗಡಿ ಮಾಡಿಕೊಂಡು ಮಾರುತ್ತಾರೆ. ಈ ಡ್ರೋನು ನನಗೆ ಜುಲೈ ತಿಂಗಳಲ್ಲಿ ಅಲ್ಲಿ 40 ಪೌಂಡಿಗೆ ಸಿಕ್ಕಿತು. ಡಿಜೆಐ ಕಂಪನಿಯ ಫ್ಯಾಂಟಮ್ 3 ಪ್ರೊಫೆಷನಲ್, 2015ರಲ್ಲಿ ಬಂದ ಮಾದರಿ. ಬಿಳಿಯ ಮೈ, ನಾಲ್ಕು ಮೋಟಾರು, ಹೊಟ್ಟೆಯ ಕೆಳಗೆ ತೂಗುವ ಕ್ಯಾಮೆರಾ. ಮಾರಿದಾತ ಪ್ರಾಮಾಣಿಕ, ಅದು ಮರಕ್ಕೆ ತಾಗಿ ಬಿದ್ದಿತ್ತೆಂದೂ ಆಮೇಲೆ ಐದಾರು ವರ್ಷ ಅಟ್ಟದಲ್ಲೇ ಇತ್ತೆಂದೂ ತಾನಾಗಿಯೇ ಹೇಳಿದ. ಇವರು ಮಾತ್ರ ಪೆಟ್ಟಿಗೆ ನೋಡಿ, ‘ಮನೆಯಲ್ಲಿ ಗುಜರಿ ಸಾಲದೆ ಇತ್ತೇ?’ ಎಂದರು.

ಮೊದಲು ನೋಡಿದ್ದು ಬ್ಯಾಟರಿಗಳನ್ನು. ಎರಡಿದ್ದವು. ಒಂದರ ಹೊಟ್ಟೆ ಉಬ್ಬಿ ಪ್ಲಾಸ್ಟಿಕ್ ಕವಚವೇ ಬಿರಿದಿತ್ತು. ಅದನ್ನು ಚಾರ್ಜಿಗೆ ಹಾಕುವ ಮಾತೇ ಇರಲಿಲ್ಲ. ಇನ್ನೊಂದು ನೋಡಲು ಚೆನ್ನಾಗಿತ್ತು, ಆದರೆ ಗುಂಡಿ ಒತ್ತಿದರೆ ಒಂದು ದೀಪವೂ ಹತ್ತಲಿಲ್ಲ, ಚಾರ್ಜರಿಗೂ ಜಗ್ಗಲಿಲ್ಲ. ಇದರೊಳಗೆ ನಾಲ್ಕು ಲಿಥಿಯಂ ಸೆಲ್‌ಗಳು ಸಾಲಾಗಿ ಕೂಡಿ 15.2 ವೋಲ್ಟ್ ಕೊಡುತ್ತವೆ. ಬಳಸದೆ ವರ್ಷಗಟ್ಟಲೆ ಇಟ್ಟರೆ ಚಾರ್ಜು ತಾನೇ ಸೋರಿ ಸೆಲ್‌ಗಳ ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಅದರೊಳಗಿನ ರಕ್ಷಣೆಯ ಸರ್ಕ್ಯೂಟೇ ಚಾರ್ಜು ಬಿಟ್ಟುಕೊಳ್ಳುವುದಿಲ್ಲ. ಕವಚ ಬಿಚ್ಚಿ ಸೆಲ್‌ಗಳಿಗೇ ನೇರವಾಗಿ ಕರೆಂಟು ಕೊಟ್ಟು ಎಬ್ಬಿಸುವವರಿದ್ದಾರೆ. ನಾನು ಆ ಸಾಹಸಕ್ಕೆ ಹೋಗಲಿಲ್ಲ. ಹಾಗೆ ಎದ್ದ ಲಿಥಿಯಂ ಬ್ಯಾಟರಿ ಮುಂದೆ ಯಾವಾಗ ಬೆಂಕಿ ಹಿಡಿಯುತ್ತದೆಂದು ಹೇಳಲಾಗದು, ನಮ್ಮದೋ ಮರದ ನೆಲದ ಬಾಡಿಗೆ ಮನೆ. ಎರಡನ್ನೂ ಇಲ್ಲಿನ ಕೌನ್ಸಿಲ್‌ನವರ ಕಸ ವಿಲೇವಾರಿ ಕೇಂದ್ರಕ್ಕೆ ಒಪ್ಪಿಸಿ ಹೊಸದೊಂದು ಬ್ಯಾಟರಿ ತರಿಸಿದೆ. ಡ್ರೋನಿಗೆ ಕೊಟ್ಟದ್ದಕ್ಕಿಂತ ಅದಕ್ಕೇ ಹೆಚ್ಚು ಬಿತ್ತೆಂಬುದನ್ನು ಅಮ್ಮನಿಗೆ ಹೇಳಬೇಡಿ.

ಹೊಸ ಬ್ಯಾಟರಿ ಬಂದ ದಿನವೇ ಸ್ವಿಚ್ಚು ಹಾಕಿಬಿಡುವ ಆಸೆಯಾಗಿತ್ತು. ಆದರೆ ಮಳೆಗಾಲವೆಲ್ಲ ಸುಮ್ಮನೆ ಕೂತ ಪಂಪ್‌ಸೆಟ್ಟನ್ನು ನೀವು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡದೆ ಸ್ಟಾರ್ಟು ಮಾಡುತ್ತಿರಲಿಲ್ಲವಲ್ಲ, ಅದು ನೆನಪಾಗಿ ಕೈ ಹಿಂದೆ ಬಂತು. ನಾಲ್ಕು ಮೋಟಾರುಗಳನ್ನೂ ಬೆರಳಿನಿಂದ ತಿರುಗಿಸಿದೆ. ಮೂರು ನುಣ್ಣಗೆ ತಿರುಗಿದವು. ಹಿಂದಿನ ಎಡಗಡೆಯದು ಗರಗರ ಎಂದಿತು. ಟಾರ್ಚು ಹಿಡಿದು ನೋಡಿದರೆ ತಂತಿ ಸುತ್ತಿದ ಸಂದಿನಲ್ಲಿ ಮರಳು! ಯಾವುದೋ ಸಮುದ್ರತೀರದಲ್ಲಿ ಇಳಿಸಿರಬೇಕು. ಮೆತ್ತನೆಯ ಕುಂಚದಿಂದ ಕೆದಕಿ, ಗಾಳಿ ಊದಿ, ಮತ್ತೆ ತಿರುಗಿಸಿ, ಮತ್ತೆ ಕೆದಕಿ, ಅರ್ಧ ತಾಸಿನಲ್ಲಿ ಸದ್ದು ನಿಂತಿತು. ಆ ಮರಳಿನ ಸಮೇತ ಹಾರಿಸಿದ್ದರೆ ಬೇರಿಂಗು ಹೋಗುತ್ತಿತ್ತು.

ನೀವು ಕೇಳಿದ ‘ಕೆಟ್ಟದ್ದು’ ನಿಜವಾಗಿ ಇದ್ದುದು ಕ್ಯಾಮೆರಾದಲ್ಲಿ. ಕ್ಯಾಮೆರಾವನ್ನು ಡ್ರೋನಿನ ಮೈಗೆ ನೇರವಾಗಿ ಬಿಗಿದಿರುವುದಿಲ್ಲ; ನಾಲ್ಕು ರಬ್ಬರ್ ಗುಂಡುಗಳಿಂದ ತೂಗುಬಿಟ್ಟ ಗಿಂಬಲ್ ಎಂಬ ತೊಟ್ಟಿಲಿನಲ್ಲಿ ಅದು ಕೂತಿರುತ್ತದೆ. ಡ್ರೋನು ಯಾವ ಕಡೆ ವಾಲಿದರೂ ಗಿಂಬಲ್‌ನ ಮೂರು ಪುಟ್ಟ ಮೋಟಾರುಗಳು ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯುತ್ತವೆ. ಇವುಗಳ ನಡುವೆ ಓಡುವುದು ರಿಬ್ಬನ್ ಕೇಬಲ್: ಅಡಿಕೆ ಹಾಳೆಯ ಒಳಮೈಯಿಂದ ಸುಲಿದ ಪೊರೆಯಷ್ಟು ತೆಳು, ಅಲ್ಲಲ್ಲಿ ಮಡಿಚಿ ಲೋಹದ ತೋಳಿನ ಸುತ್ತ ಸುತ್ತಿದ್ದು. ಮರಕ್ಕೆ ಬಡಿದಾಗ ತೋಳು ಸ್ವಲ್ಪ ಸೊಟ್ಟಗಾಗಿ ಈ ರಿಬ್ಬನ್ನು ಒಂದು ಮಡಿಕೆಯಲ್ಲಿ ಕೂದಲೆಳೆಯಷ್ಟು ಹರಿದಿತ್ತು. ಹೊಸ ರಿಬ್ಬನ್ನಿಗೆ ಹೆಚ್ಚು ಬೆಲೆಯಿಲ್ಲ, ಕೂರಿಸುವುದೇ ಕಷ್ಟ. ಸಾಸಿವೆಯಷ್ಟು ಸ್ಕ್ರೂಗಳನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಬಿಳಿ ಹಾಳೆಯ ಮೇಲೆ ಜೋಡಿಸಿ, ಹಳೆಯದರ ಒಂದೊಂದು ಮಡಿಕೆಯನ್ನೂ ನೋಡಿ ಹೊಸದನ್ನು ಹಾಗೆಯೇ ಮಡಿಚಬೇಕು. ಮೊದಲ ರಿಬ್ಬನ್ನನ್ನು ನಾನೇ ಹರಿದೆ. ಎರಡನೆಯದು ಎರಡು ರಾತ್ರಿ ಹಿಡಿಯಿತು. ಮದುವೆಯ ವರ್ಷ ನೀವು ಕೊಟ್ಟ ಗಡಿಯಾರದ ಸ್ಕ್ರೂಡ್ರೈವರುಗಳಲ್ಲಿ ಅತಿ ಚಿಕ್ಕದು ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಸ್ವಿಚ್ಚು ಹಾಕಿದಾಗ ಕ್ಯಾಮೆರಾ ಆಗತಾನೆ ಹುಟ್ಟಿದ ಕರುವಿನಂತೆ ತಲೆಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ಅಲ್ಲಾಡಿಸಿ ನೆಟ್ಟಗೆ ನಿಂತಿತು. ಇವರು ಪತ್ರಿಕೆ ಕೆಳಗಿಟ್ಟು ಎದ್ದು ಬಂದರು. ಅದರ ಹಳೆಯ ಆ್ಯಪ್ ನನ್ನ ಹೊಸ ಫೋನಿನಲ್ಲಿ ಏಳಲಿಲ್ಲ. ಕೊನೆಗೆ ಇವರದೇ ಹಳೆಯ ಟ್ಯಾಬ್ಲೆಟ್ ಉಪಯೋಗಕ್ಕೆ ಬಂತು, ಗುಜರಿಯ ಮಾತು ಆಮೇಲೆ ಬರಲಿಲ್ಲ.

ಇನ್ನು ಇಲ್ಲಿನ ಕಾನೂನು. ಹಾರಿಸುವವರು 40 ಪ್ರಶ್ನೆಗಳ ಒಂದು ಪರೀಕ್ಷೆಯಲ್ಲಿ 30ಕ್ಕಾದರೂ ಸರಿಯುತ್ತರ ಕೊಟ್ಟು ಗುರುತಿನ ಸಂಖ್ಯೆ ಪಡೆಯಬೇಕು. ಡ್ರೋನಿನ ಒಡೆತನಕ್ಕೆ ಬೇರೆ ಸಂಖ್ಯೆ, ಅದನ್ನು ಅದರ ಮೈಮೇಲೆ ಅಂಟಿಸಬೇಕು. 120 ಮೀಟರಿಗಿಂತ ಮೇಲೆ ಹೋಗುವಂತಿಲ್ಲ. ಇದರಂಥ ಹಳೆಯ, ಭಾರದ ಡ್ರೋನನ್ನು ಜನರಿಂದ 50 ಮೀಟರ್, ಮನೆಗಳಿರುವ ಕಡೆಯಿಂದ 150 ಮೀಟರ್ ದೂರ ಇಡಬೇಕು. ಊರ ಹೊರಗೆ ಕುರಿ ಸಾಕುವ ರೈತರೊಬ್ಬರನ್ನು ಕೇಳಿ ಅವರ ಹುಲ್ಲುಗಾವಲಿಗೆ ಹೋದೆವು. ಮೊದಲು ದಿಕ್ಸೂಚಿಯನ್ನು ಸರಿಹೊಂದಿಸಬೇಕು: ಡ್ರೋನನ್ನು ಅಡ್ಡಡ್ಡ ಹಿಡಿದು ಒಂದು ಸುತ್ತು, ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು ತಿರುಗಬೇಕು. ಮೂರು ಸಲವೂ ತಪ್ಪೆಂದಿತು. ನಾನು ನಿಂತದ್ದು ಹೊಲದ ಕಬ್ಬಿಣದ ಗೇಟಿನ ಪಕ್ಕದಲ್ಲಿ! ನಡುಬಯಲಿಗೆ ಹೋದ ಮೇಲೆ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಉಪಗ್ರಹಗಳು ಸಿಕ್ಕಿ ಹಿಂದಿನ ದೀಪ ಹಸಿರಾದೊಡನೆ ಏರಿಸಿದೆ. ಆಳೆತ್ತರದಲ್ಲಿ ನಿಲ್ಲಿಸಿ ಎರಡು ನಿಮಿಷ ಸದ್ದು ಕೇಳಿದೆ. ಜೇನುಗೂಡಿನಂತೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಗರಗರ ಇರಲಿಲ್ಲ. ಆಮೇಲೆ 60 ಮೀಟರಿಗೆ ಏರಿಸಿದೆ. ಕಲ್ಲಿನ ಗೋಡೆಗಳು ಹೊಲವನ್ನು ಚೌಕ ಚೌಕವಾಗಿ ಕತ್ತರಿಸಿದ್ದು, ಕುರಿಗಳು ಮೂಲೆಗೆ ಗುಂಪುಗೂಡಿದ್ದು ಎಲ್ಲ ಚೊಕ್ಕವಾಗಿ ಕಂಡಿತು. ಕುರಿಗಳಿಗೆ ಇದು ಅಷ್ಟು ಹಿಡಿಸಲಿಲ್ಲವೆಂದು ತೋರಿದ್ದರಿಂದ ಬೇಗ ಇಳಿಸಿದೆ.

ಇದರಿಂದ ಅಡಿಕೆಗೆ ಔಷಧಿ ಹೊಡೆಯಬಹುದೇ, ಬರುವಾಗ ಇದನ್ನು ಊರಿಗೆ ತರಬಹುದೇ ಎಂದು ತಮ್ಮ ಕೇಳಿದ ಎರಡು ಮಾತಿಗೆ ಉತ್ತರ ಬರೆಯುತ್ತೇನೆ, ಅವನಿಗೆ ಓದಿಹೇಳಿ. ಇದರಿಂದ ಅಡಿಕೆಗೆ ಔಷಧಿ ಹೊಡೆಯಲಾಗದು. ಇದರ ತೂಕವೇ 1,280 ಗ್ರಾಂ, ತನ್ನ ಕ್ಯಾಮೆರಾ ಹೊರುವುದೇ ಇದಕ್ಕೆ ಕೆಲಸ. ಬೋರ್ಡೋ ದ್ರಾವಣದ ಕ್ಯಾನು ಹೊರುವ ಯಂತ್ರಗಳೇ ಬೇರೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಕೆಲಸಕ್ಕೆ ಇದರಿಂದ ಸಂಚಕಾರವಿಲ್ಲ. ಎರಡನೆಯದಾಗಿ, ಬರುವಾಗ ಇದನ್ನು ತರಲೂ ಆಗದು. ಹೊರದೇಶದ ಡ್ರೋನುಗಳನ್ನು ತರುವುದನ್ನು ಭಾರತ ಸರ್ಕಾರ 2022ರ ಫೆಬ್ರವರಿಯಲ್ಲೇ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗಳಿಗೆ ಮಾತ್ರ ವಿನಾಯಿತಿ. ನಮ್ಮ ತೋಟ ಈ ಮೂರರಲ್ಲಿ ಯಾವುದಕ್ಕೂ ಸೇರದು.

ಹುಲ್ಲುಗಾವಲಿನ ಒಂದು ಚಿತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಕೆಳಗಿನ ಮೂಲೆಯಲ್ಲಿ ಕಾಣುವ ಎರಡು ಚುಕ್ಕೆಗಳೇ ನಾವು. ಅಡಿಕೆಯ ಕೊನೆಕೊಯ್ಲಿನ ಸಮಾಚಾರ ತಿಳಿಸಿರಿ. ಅಮ್ಮನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇತಿ ನಿಮ್ಮ ಮಗಳು

ಮರೆತಿದ್ದೆ: ಆ ಚಿಕ್ಕ ಸ್ಕ್ರೂಡ್ರೈವರಿನ ತುದಿ ಸವೆದಿದೆ. ಅಂಥದ್ದು ಸಾಗರದ ಪೇಟೆಯಲ್ಲಿ ಇನ್ನೂ ಸಿಗುತ್ತದೆಯೇ ಎಂದು ಒಮ್ಮೆ ವಿಚಾರಿಸಿರಿ.