ಗಮನಕ್ಕೆ ಬಂದಿದೆಯೇ? ಬಂದಿದೆ. ಆಮೇಲೆ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಕ್ಷೇತ್ರದ ಎಮ್ಮೆಲ್ಲೆ ಅಧಿವೇಶನದಲ್ಲಿ ಮೂರು ಪ್ರಶ್ನೆ ಕೇಳಿದಾರೆ ಅಂತ ನಿಮ್ಮ ಪೇಪರಿನ ಒಳಪುಟದಲ್ಲಿ ಸಣ್ಣದಾಗಿ ಬಂದಿತ್ತು, ಒಂದು ಬಸ್ಸಿನ ಬಗ್ಗೆ, ಒಂದು ಜನರ ಡೇಟಾ ಗೌಪ್ಯತೆ ಬಗ್ಗೆ, ಇನ್ನೊಂದು ಸರ್ಕಾರಿ ಸೇವೆಗಳು ತಡ ಆಗ್ತಿರೋದರ ಬಗ್ಗೆ. ಪರವಾಗಿಲ್ವೇ ನಮ್ಮೋರೂ ಬಾಯಿ ಬಿಟ್ರು ಅಂತ ಖುಷಿಪಟ್ಟು ಉತ್ತರ ಏನು ಕೊಟ್ರು ನೋಡೋಣ ಅಂತ ಹುಡುಕಿ ತೆಗೆದೆ. ಸ್ಕ್ಯಾನ್ ಮಾಡಿರೋ ಪಿಡಿಎಫ್, ಒಂದು ಪುಟ ಸೊಟ್ಟಗೆ ನಿಂತಿದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಬಸ್ಸುಗಳ ಕೊರತೆಯಿಂದ ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಅದರ ಎದುರಿಗೆ ಒಂದೇ ಪದ, "ಬಂದಿದೆ". (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? "ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ". ಡೇಟಾ ಪ್ರಶ್ನೆಗೆ "ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ". ಮೂರನೇದರಲ್ಲಿ (ಈ) ತನಕ ಹೋಗಿ "ಉದ್ಭವಿಸುವುದಿಲ್ಲ" ಅಂತ ಮುಗಿಸಿದಾರೆ.

ಸಿಟ್ಟು ಬಂತು, ಆದ್ರೆ ಮಂತ್ರಿಗಳ ಮೇಲಲ್ಲ, ನಮ್ಮ ಎಮ್ಮೆಲ್ಲೆ ಮೇಲೆ. ಗಮನಕ್ಕೆ ಬಂದಿದೆಯಾ ಅಂತ ಕೇಳಿದ್ರೆ ಬಂದಿದೆ ಅಂತಾನೇ ಹೇಳ್ತಾರೆ, ಇನ್ನೇನು ಹೇಳ್ತಾರೆ? ಊಟದ ಹೊತ್ತು ದಾಟಿದ ಮೇಲೆ ಬಂದ ನೆಂಟರನ್ನ ಬಾಗಿಲಲ್ಲೇ "ಊಟ ಆಗಿರ್ಬೇಕಲ್ಲ" ಅಂತ ಕೇಳಿದಂಗೆ ಇದು, ಆಯ್ತು ಅನ್ನದೆ ಅವರಿಗೆ ದಾರಿನೇ ಇಲ್ಲ.

ಪ್ರಶ್ನೋತ್ತರ ಅಂದ್ರೆ ಸುಮ್ನೆ ಅಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳ್ಬೇಕು, ಅದರ ಮೇಲೆ ಉಪಪ್ರಶ್ನೆ ಕೇಳ್ಬೋದು. ಚುಕ್ಕೆ ಇಲ್ಲದ್ದಾದ್ರೆ ಬರೀ ಲಿಖಿತ ಉತ್ತರ, ಕಾಗದ ಮಂಡಿಸಿದ್ರೆ ಕತೆ ಮುಗೀತು. ಇನ್ನೊಂದಿದೆ, ಇದು ನಂಗೂ ಇತ್ತೀಚೆಗೆ ಗೊತ್ತಾಗಿದ್ದು. ಸದನದಲ್ಲಿ ಮಂತ್ರಿ "ಮಾಡ್ತೀವಿ", "ಪರಿಶೀಲಿಸ್ತೀವಿ" ಅಂದ್ರೆ ಅದು ಗಾಳಿಗೆ ಹೋಗೋ ಮಾತಲ್ಲ, ಅದನ್ನ ಹಿಡಿದು ಏನಾಯ್ತು ಅಂತ ಕೇಳೋಕೆ ಅಂತಾನೇ ಭರವಸೆಗಳ ಸಮಿತಿ ಇದೆ. ಆದ್ರೆ ಹಿಡಿಯೋಕೆ ಒಂದು ಭರವಸೆ ಆದ್ರೂ ಬೇಕಲ್ಲ, "ಬಂದಿದೆ" ಅನ್ನೋದನ್ನ ಹಿಡ್ಕೊಂಡು ಯಾವ ಸಮಿತಿ ಏನು ಮಾಡುತ್ತೆ?

ಮೂರು ಇಲಾಖೆಗೆ ಮೂರು ಪ್ರಶ್ನೆ ಹೋಯ್ತು, ಮೂರು ಮಂತ್ರಿಗಳೂ ತಮ್ಮ ಪಾಲಿಂದು ಒರೆಸಿ ಹಾಕಿದ್ರು. ಆದ್ರೆ ನಾನು ದಿನಾ ಬಸ್ಸಲ್ಲಿ ಓಡಾಡೋಳು, ನಂಗೆ ಇದು ಮೂರಲ್ಲ, ಒಂದೇ ಪ್ರಶ್ನೆ.

ಬೆಳಿಗ್ಗೆ ಎಂಟೂಕಾಲಿನ ಬಸ್ ಹತ್ತಿದ ತಕ್ಷಣ ಮಾಡೋ ಮೊದಲ ಕೆಲಸ ಆಧಾರ್ ತೆಗೆಯೋದು. ನಮ್ಮತ್ತೆದು ಲ್ಯಾಮಿನೇಷನ್ ಮಾಡ್ಸಿದ್ದು, ಮೂಲೆ ಬಿಟ್ಕೊಂಡು ಒಳಗೆ ನೀರು ಹೋಗಿ ಫೋಟೋದಲ್ಲಿ ಮುಖ ಅರ್ಧ ಬೆಳ್ಳಗಾಗಿದೆ, ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಜೊತೆ ಇರುತ್ತೆ. ಕಂಡಕ್ಟರು ಅದನ್ನ ನೋಡ್ತಾರೆ, ಅತ್ತೆ ಮುಖ ನೋಡ್ತಾರೆ, ಅಜ್ಜಿ ಇದ್ರಲ್ಲಿ ಯಾರೂ ಕಾಣ್ತಿಲ್ವಲ್ಲ ಅಂತ ನಕ್ಕು ಶೂನ್ಯ ಟಿಕೆಟ್ ಹರಿದು ಕೊಡ್ತಾರೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದಾಗಿಂದ ಹಿಂಗೇ ನಡೀತಿದೆ. ಆ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ದುಡ್ಡು ತುಂಬಿಕೊಡಬೇಕು, ಹಂಗಾಗಿ ಟಿಕೆಟ್ ಇಸ್ಕೊಳ್ಳದೆ ಕೂತ್ರೆ ಕಂಡಕ್ಟರ್ ಬೈತಾರೆ, ಬೈಬೇಕಾದ್ದೇ. (ಫ್ರೀ ಬಸ್ಸಿಂದ ಹೆಂಗಸರು ಹಾಳಾದ್ರು ಅಂತ ನಿಮ್ಮದೇ ಈ ಅಂಕಣದಲ್ಲಿ ಬರೆಯೋರಿಗೆ ಇವತ್ತು ಉತ್ತರ ಕೊಡೋಕೆ ಹೋಗಲ್ಲ, ಜಾಗ ಸಾಲಲ್ಲ.)

ಈ ವ್ಯವಸ್ಥೆಯಲ್ಲಿ ಒಂದು ಒಳ್ಳೇದಿದೆ. ಕಂಡಕ್ಟರ್ ನೋಡ್ತಾರೆ, ಮುಂದಿನ ಸೀಟಿಗೆ ಹೋಗೋಷ್ಟರಲ್ಲಿ ಮರೀತಾರೆ. ಆದ್ರೆ ಶಕ್ತಿಗೆ ಸ್ಮಾರ್ಟ್ ಕಾರ್ಡ್ ಅಂತ 2023ರಲ್ಲೇ ಹೇಳಿದ್ರಲ್ಲ, ಸರ್ಕಾರದ ಸೇವಾಸಿಂಧು ವೆಬ್‌ಸೈಟಲ್ಲಿ ಅರ್ಜಿ ಹಾಕಿ ತಗೋಬೇಕು ಅಂತ, ಆ ಕಾರ್ಡು ಮರೆಯುತ್ತಾ? ನಾನು ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ, ವಾರಕ್ಕೆ ಎಷ್ಟು ಸಲ ಆಸ್ಪತ್ರೆ ಸ್ಟಾಪಲ್ಲಿ ಇಳಿದೆ, ಎಷ್ಟು ಸಲ ತವರಿಗೆ ಹೋದೆ, ಇದೆಲ್ಲ ಯಾವುದೋ ಸರ್ವರ್‌ನಲ್ಲಿ ಕೂತ್ಕೊಳ್ಳುತ್ತಾ, ಕೂತ್ರೆ ಎಷ್ಟು ವರ್ಷ, ನೋಡೋರು ಯಾರು? ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋ ಗಂಡಸಿನ ಹೆಸರು ಯಾವ ಲೆಕ್ಕದಲ್ಲೂ ಬರಲ್ಲ, ಫ್ರೀಯಾಗಿ ಹೋಗೋ ಹೆಂಗಸಿಂದು ಮಾತ್ರ ದಿನಚರಿ ಬರೆದಿಡೋದು ಅಂದ್ರೆ ಅದು ಫ್ರೀ ಹೆಂಗಾಗುತ್ತೆ ಹೇಳಿ. ಕಾರ್ಡೇ ಬೇಡ ಅಂತಲ್ಲ, ಅತ್ತೆ ಮುಖ ಕಾಣೋ ಕಾರ್ಡ್ ಬಂದ್ರೆ ನಂಗೂ ಸಂತೋಷನೇ. ಏನು ಬರೆದಿಡುತ್ತೆ ಏನು ಬರೆದಿಡಲ್ಲ ಅಂತ ಮೊದಲೇ ಸದನದಲ್ಲಿ ಹೇಳಿಸ್ಬೇಕಿತ್ತು. ನಮ್ಮ ಎಮ್ಮೆಲ್ಲೆ ಕೇಳ್ಬೇಕಾಗಿದ್ದು ಇದನ್ನ. ಸಾರಿಗೆ, ಡೇಟಾ, ಸೇವೆ ಮೂರೂ ಇದರಲ್ಲೇ ಇತ್ತಲ್ಲ.

ಗೌಪ್ಯತೆ ಅಂದ್ರೆ ಬೆಂಗಳೂರಿನ ಐಟಿ ಜನರ ಚಿಂತೆ ಅಂತ ಕೆಲವರು ಅಂದ್ಕೊಂಡಿದಾರೆ. ಅದನ್ನ ಸುಪ್ರೀಂ ಕೋರ್ಟಿಗೆ ತಗೊಂಡು ಹೋಗಿದ್ದೇ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ, ಎಂಬತ್ತು ದಾಟಿದ ಮೇಲೆ. ಆ ಕೇಸಲ್ಲೇ 2017ರ ಆಗಸ್ಟ್ 24ಕ್ಕೆ ಒಂಬತ್ತು ಜನ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು. ಅದಾಗಿ ಮೂರು ವರ್ಷ ತುಂಬೋ ಮೊದಲೇ, 2020ರ ಮಾರ್ಚಲ್ಲಿ, ಹೋಮ್ ಕ್ವಾರಂಟೈನ್‌ನಲ್ಲಿ ಇದ್ದೋರ ಮನೆ ವಿಳಾಸದ ಪಟ್ಟಿನ ನಮ್ಮ ರಾಜ್ಯ ಸರ್ಕಾರನೇ ಎಲ್ಲರಿಗೂ ಕಾಣೋಹಂಗೆ ಹಾಕಿತ್ತು, ಅದು ವಾಟ್ಸಾಪಲ್ಲಿ ಬೀದಿ ಬೀದಿ ಸುತ್ತಿತ್ತು. ಹಂಗಾಗಿ "ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನೋ ಮಾತು ನಂಗೆ ರುಚಿಸಲ್ಲ. ಕಾನೂನು ಕೇಂದ್ರದ್ದಿರ್ಬೋದು, ಪಟ್ಟಿ ಹಾಕಿದ ಕೈ ಇಲ್ಲಿಂದೇ.

ಸೇವೆ ವಿಷಯಕ್ಕೆ ಬಂದ್ರೆ, ಹೋದ ತಿಂಗಳು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೆ ಒಂದು ಸೆಂಟರಿಗೆ ಹೋಗಿದ್ದೆ, ಯಾವುದು ಅಂತ ಹೇಳಲ್ಲ, ಆ ಹುಡುಗ ಒಳ್ಳೆಯವನೇ. ಮೇಡಂ ಆಧಾರ್, ರೇಷನ್ ಕಾರ್ಡ್ ಎಲ್ಲಾ ನನ್ನ ನಂಬರಿಗೆ ವಾಟ್ಸಾಪ್ ಮಾಡ್ಬಿಡಿ ಅಂದ, ಮಾಡಿದೆ. ಓಟಿಪಿ ಕೇಳಿದ, ಹೇಳಿದೆ. ಅವನ ಕಂಪ್ಯೂಟರ್ ಪರದೆ ಮೇಲೆ ಐಕಾನ್ ಇಡೋಕೂ ಜಾಗ ಇಲ್ಲದಷ್ಟು ಫೋಟೋ, ಬರೀ ಆಧಾರ್‌ಗಳು, ಒಂದರ ಮೇಲೊಂದು. ರಸೀದಿ ಪ್ರಿಂಟ್ ತೆಗೆದು ಕೊಟ್ಟ, ಮನೆಗೆ ಬಂದು ತಿರುಗಿಸಿ ನೋಡಿದ್ರೆ ಹಿಂದುಗಡೆ ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್, ಹೆಸರು, ಅಕೌಂಟ್ ನಂಬರ್ ಎಲ್ಲಾ ಇದೆ. ಪೇಪರ್ ಉಳಿಸೋಕೆ ಹಿಂಗೆ ಮಾಡಿದಾನೆ ಪಾಪ. ನಾನು ಅದನ್ನ ಹರಿದು ಒಲೆಗೆ ಹಾಕೋಣ ಅಂದ್ರೆ ಮುಂದುಗಡೆ ನಂದೇ ಅರ್ಜಿ ನಂಬರು!

ಆ ನಂಬರ್ ಇಟ್ಕೊಂಡು ಕಾಯ್ತಾ ಇದೀನಿ. ಸಕಾಲ ಅಂತ ಕಾಯ್ದೆ ಇದೆ, 2011ರದ್ದು. ಹೇಳಿದ ದಿನದೊಳಗೆ ಕೆಲಸ ಆಗದಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿ ಜೇಬಿಂದ. ನಮ್ಮ ಬೀದಿಲಿ ಒಬ್ಬರಿಗೂ ಆ 20 ರೂಪಾಯಿ ಬಂದಿದ್ದು ನಾ ಕೇಳಿಲ್ಲ. ನಮ್ಮ ತಾಲೂಕಲ್ಲಿ ಎಷ್ಟು ಜನಕ್ಕೆ ಕೊಟ್ಟಿದೀರಿ ಅಂತ ಕೇಳಿದ್ರೆ ಉತ್ತರ ಒಂದು ಅಂಕಿ ಆಗಿರ್ಬೇಕಾಗುತ್ತೆ, "ಬಂದಿದೆ" ಅಂತ ಬರೆಯೋಕೆ ಆಗಲ್ಲ.

ಇದನ್ನೆಲ್ಲ ನೀವೇ ಆರ್‌ಟಿಐ ಹಾಕಿ ಕೇಳ್ಬೋದಲ್ಲ ಅಂತೀರಾ? ಅಂಕಿ ಸಂಖ್ಯೆಯಾದ್ರೆ ಈಗಲೂ ಕೇಳ್ಬೋದು, ಸರಿ. ಆದ್ರೆ ಆರ್‌ಟಿಐ ಕಾಯ್ದೆಯ 8(1)(ಜೆ) ಕಲಮಿನ ಕೊನೆಗೆ ಒಂದು ಸಾಲಿತ್ತು, ಸಂಸತ್ತಿಗೋ ವಿಧಾನಮಂಡಲಕ್ಕೋ ಕೊಡಲ್ಲ ಅನ್ನೋಕಾಗದ ಮಾಹಿತಿನ ಸಾಮಾನ್ಯ ಮನುಷ್ಯನಿಗೂ ಕೊಡಲ್ಲ ಅನ್ನೋ ಹಂಗಿಲ್ಲ ಅಂತ. ಅಂದ್ರೆ ಎಮ್ಮೆಲ್ಲೆಗೆ ಸಿಗೋದು ನಂಗೂ ಸಿಗ್ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದು ಆ ಕಲಮನ್ನೇ ಬದಲಾಯಿಸ್ತು, ಆ ಸಾಲೂ ಹೋಯ್ತು, 2025ರ ನವೆಂಬರಲ್ಲಿ ಅದು ಜಾರಿಗೂ ಬಂತು. ಈಗ ವೈಯಕ್ತಿಕ ಮಾಹಿತಿ ಅಂದ್ಬಿಟ್ರೆ ಕೌಂಟರಲ್ಲಿ ಮಾತು ಮುಗೀತು, ಸಾರ್ವಜನಿಕ ಹಿತಾಸಕ್ತಿ ಅಂತ ಬೇರೆ ಕಲಮು ಇದೆ ನಿಜ, ಅದನ್ನ ಹಿಡ್ಕೊಂಡು ಅಪೀಲು ಅಂತ ಅಲೆಯೋ ಚಪ್ಪಲಿ ನನ್ನ ಹತ್ರ ಇಲ್ಲ. ಎಷ್ಟು ವಿಚಿತ್ರ ನೋಡಿ, ನನ್ನ ಆಧಾರ್ ಸೆಂಟರಿನ ಪರದೆ ಮೇಲೆ ಬಿದ್ದಿರೋದನ್ನ ಇವತ್ತಿನ ತನಕ ಯಾರೂ ತಡೆದಿಲ್ಲ, ನಾನು ಕಚೇರಿಲಿ ಹೋಗಿ ಕೇಳೋದನ್ನ ಮಾತ್ರ ಮೊದಲು ತಡೆದ್ರು. ಹಂಗಾಗಿ ಈಗ ನಮ್ಮ ಪಾಲಿಗೆ ಉಳಿದಿರೋ ಹತ್ತಿರದ ದಾರಿ ಎಮ್ಮೆಲ್ಲೆ ಬಾಯಿ. ಅದನ್ನ "ಗಮನಕ್ಕೆ ಬಂದಿದೆಯೇ"ಗೆ ಖರ್ಚು ಮಾಡಿದ್ರೆ ಹೊಟ್ಟೆ ಉರಿಯುತ್ತೆ.

ಅದಕ್ಕೆ ನಿಮ್ಮ ಮೂಲಕ ಅವರಿಗೆ ನಾನೇ ಪ್ರಶ್ನೆ ಬರೆದು ಕಳಿಸ್ತಿದೀನಿ, ಮುಂದಿನ ಅಧಿವೇಶನಕ್ಕೆ ಹಂಗಂಗೇ ಇಳಿಸ್ಕೊಳ್ಳಲಿ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನಮ್ಮ ಡಿಪೋದಿಂದ ನಿಗದಿಯಾಗಿರೋ ಟ್ರಿಪ್ ಎಷ್ಟು, ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಓಡಿದ್ದು ಎಷ್ಟು, ತಿಂಗಳುವಾರು. ಶಕ್ತಿ ಕಾರ್ಡಿನಲ್ಲಿ ಪ್ರಯಾಣದ ವಿವರ ಹೆಸರಿನ ಜೊತೆ ದಾಖಲಾಗುತ್ತಾ ಇಲ್ವಾ, ಆದ್ರೆ ಅಳಿಸೋದು ಎಷ್ಟು ದಿನಕ್ಕೆ, ಪೊಲೀಸರು ಕೇಳಿದ್ರೆ ಯಾರ ಅನುಮತಿ ಮೇಲೆ ಕೊಡ್ತಾರೆ. ಸೇವಾ ಕೇಂದ್ರಗಳಲ್ಲಿ ಜನರ ದಾಖಲೆನ ಸ್ವಂತ ವಾಟ್ಸಾಪಲ್ಲಿ ತರಿಸ್ಕೊಳ್ಳಬಾರದು ಅಂತ ಲಿಖಿತ ಆದೇಶ ಇದೆಯಾ, ಇದ್ರೆ ಅದರ ತಾರೀಕು. ಸಕಾಲದ 20 ರೂಪಾಯಿ ಲೆಕ್ಕ, ತಾಲೂಕುವಾರು. ಚುಕ್ಕೆ ಗುರುತು ಹಾಕಿಸಿ, ಅವತ್ತು ಸದನದಲ್ಲಿ ಕೂತಿರಿ, ಮಂತ್ರಿಗಳು "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದ್ರೆ ಎದ್ದು ಯಾವತ್ತು ಮುಗಿಯುತ್ತೆ ಅಂತ ಉಪಪ್ರಶ್ನೆ ಕೇಳಿ.

ಅತ್ತೆಗೆ ಈ ಪತ್ರ ಓದಿ ಹೇಳಿದೆ. ಎಲ್ಲಾ ಕೇಳಿಸ್ಕೊಂಡು, ಆ ಪಾಸ್‌ಬುಕ್ಕಿನ ಹೆಂಗಸು ಯಾರು ಅಂತ ಗೊತ್ತಾಯ್ತಾ, ನಮ್ಮ ಮೇಲ್ಗಡೆ ಬೀದಿಯೋಳಿರ್ಬೇಕು, ಹೋಗಿ ಕೊಟ್ಟು ಬಾ ಅಂದ್ರು. ಸಂಜೆ ಹೋಗಿ ಕೊಡ್ತೀನಿ, ನನ್ನ ಅರ್ಜಿ ನಂಬರನ್ನ ಬೇರೆ ಚೀಟಿಲಿ ಬರ್ಕೊಂಡಿದೀನಿ.

ಇತಿ,
ದಿನಾ ಬಸ್ಸಲ್ಲಿ ಹೋಗೋ, ನಿಮ್ಮ ಪೇಪರ್ ಓದೋಳು