ಗೆಲ್ಲುತ್ತಿರುವಾಗಲೇ ಮುಂದಿನ ಕ್ವಾರ್ಟರ್‌ಬ್ಯಾಕ್ ಹುಡುಕಬೇಕು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಆಗಾಗ ನಾಲ್ಕು ಸಾಲು ಬರುತ್ತದೆ, ಅದಕ್ಕೆ ಮೊದಲು ಥ್ಯಾಂಕ್ಸ್. ದಾವಣಗೆರೆಯಲ್ಲೂ ಆ ಆಟ ನೋಡುವವರು ಇದ್ದೇವೆ. ಅಲ್ಲಿ ಭಾನುವಾರ ರಾತ್ರಿ ನಡೆಯುವ ಪಂದ್ಯ ನಮಗೆ ಸೋಮವಾರ ಬೆಳಗಿನ ಜಾವಕ್ಕೆ ಬರುತ್ತದೆ. ವಿದ್ಯಾನಗರದ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಎಲ್ಲರೂ ಕೂತು ನೋಡಿ, ಬೆಣ್ಣೆದೋಸೆ ತಿನ್ನುತ್ತಾ ಜಗಳ ಮುಂದುವರಿಸುತ್ತೇವೆ. ಜಗಳ ಹೆಚ್ಚಾಗಿ ಒಂದೇ ವಿಷಯಕ್ಕೆ. ಕ್ವಾರ್ಟರ್‌ಬ್ಯಾಕ್ ಚೆನ್ನಾಗಿ ಆಡುತ್ತಿದ್ದಾನೆ ಅಂದರೆ ತಂಡ ಇರುವುದನ್ನೆಲ್ಲ ಅವನ ಮೇಲೆ ಸುರಿದು ಈ ವರ್ಷವೇ ಕಪ್ ಎತ್ತಬೇಕಾ, ಇಲ್ಲಾ ಐದು ವರ್ಷ ಮುಂದಿನದನ್ನೂ ನೋಡಬೇಕಾ? ಗೆಳೆಯರೆಲ್ಲ ಈ ವರ್ಷದ ಕಪ್ಪಿನ ಕಡೆ. ನಿಮ್ಮ ಪುಟದ ಬರಹಗಳಲ್ಲೂ ಅದೇ ಧಾಟಿ ಕಾಣುತ್ತದೆ. ನಾನು ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನೇ ಕ್ವಾರ್ಟರ್‌ಬ್ಯಾಕ್. ಎಲ್ಲರ ಕಣ್ಣೂ ಅವನ ಮೇಲೆ, ದುಡ್ಡೂ ಅವನಿಗೇ ಜಾಸ್ತಿ. ಆದರೆ ತಂಡದಲ್ಲಿ 53 ಜನ ಇರುತ್ತಾರೆ, ಅವರೆಲ್ಲರ ಸಂಬಳಕ್ಕೂ ಒಂದು ಮಿತಿ ಇದೆ. ನಮ್ಮ ಐಪಿಎಲ್ ತಂಡಗಳಿಗೆ 2025ರ ಹರಾಜಿನಲ್ಲಿ 120 ಕೋಟಿ ರೂಪಾಯಿ ಮಿತಿ ಇತ್ತಲ್ವಾ, ಹಾಗೆಯೇ ಅಲ್ಲಿ ಸ್ಯಾಲರಿ ಕ್ಯಾಪ್. 2024ರಲ್ಲಿ ಅದು 25.54 ಕೋಟಿ ಡಾಲರ್ ಇತ್ತು. ಒಬ್ಬನಿಗೆ ಜಾಸ್ತಿ ಕೊಟ್ಟರೆ ಅವನನ್ನು ಕಾಯುವವರಿಗೆ, ಅವನು ಎಸೆದದ್ದನ್ನು ಹಿಡಿಯುವವರಿಗೆ ಕಡಿಮೆ ಬೀಳುತ್ತದೆ.

ಕಾನ್ಸಾಸ್ ಸಿಟಿ ತಂಡ ಮಾಡಿದ್ದನ್ನು ನೋಡಿ. 2016ರಲ್ಲಿ ಅಲೆಕ್ಸ್ ಸ್ಮಿತ್ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಅವರು 12 ಪಂದ್ಯ ಗೆದ್ದು ನಾಲ್ಕೇ ಸೋತಿದ್ದರು. ಯಾರಿಗೂ ದೂರು ಇರಲಿಲ್ಲ. ಆದರೂ 2017ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ, ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು; ಆ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಏನಾದರೂ ಪಡೆಯಬಹುದು) ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಬಫಲೋ ತಂಡಕ್ಕೆ ಬಿಟ್ಟುಕೊಟ್ಟು, 27ನೇ ಸ್ಥಾನದಿಂದ 10ಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ತಂದರು. ತಂದವನನ್ನು ಆಡಿಸಲೂ ಇಲ್ಲ, ವರ್ಷಪೂರ್ತಿ ಬೆಂಚಿನಲ್ಲಿ ಕೂರಿಸಿ ಕೊನೆಯ ಲೀಗ್ ಪಂದ್ಯ ಒಂದನ್ನು ಮಾತ್ರ ಕೊಟ್ಟರು. ಆ ವರ್ಷ ಸ್ಮಿತ್ ತನ್ನ ಜೀವಮಾನದ ಅತ್ಯುತ್ತಮ ಆಟ ಆಡಿದ. ಹಾಗೆ ಆಡಿದವನನ್ನೇ ಆಮೇಲೆ ವಾಷಿಂಗ್ಟನ್‌ಗೆ ಕೊಟ್ಟು, ಬದಲಿಗೆ ಕೆಂಡಾಲ್ ಫುಲ್ಲರ್ ಎಂಬ ರಕ್ಷಣಾ ಆಟಗಾರನನ್ನೂ ಮೂರನೇ ಸುತ್ತಿನ ಒಂದು ಆಯ್ಕೆಯನ್ನೂ ಪಡೆದರು. 2020ರ ಫೆಬ್ರವರಿಯ ಸೂಪರ್ ಬೌಲ್‌ನ, ಅಂದರೆ ಫೈನಲ್‌ನ, ಕೊನೆಯ ನಿಮಿಷದಲ್ಲಿ ಎದುರಾಳಿಯ ಎಸೆತವನ್ನು ಹಿಡಿದು ಪಂದ್ಯ ಮುಗಿಸಿದ್ದು ಇದೇ ಫುಲ್ಲರ್. ಆ ಹೊತ್ತಿಗೆ ಮಹೋಮ್ಸ್ ಇನ್ನೂ ಹೊಸ ಆಟಗಾರನ ಒಪ್ಪಂದದಲ್ಲೇ ಇದ್ದ, ನಾಲ್ಕು ವರ್ಷಕ್ಕೆ ಸೇರಿಸಿ ಸುಮಾರು 1.6 ಕೋಟಿ ಡಾಲರ್. ಉಳಿದ ದುಡ್ಡಿನಲ್ಲಿ ಸುತ್ತ ತಂಡ ಕಟ್ಟಿದ್ದರು.

ನಮ್ಮ ಚನ್ನಗಿರಿ ಕಡೆ ಅಡಿಕೆ ಬೆಳೆಗಾರರು ಹಳೆ ಮರ ಗೊನೆ ಬಿಡುತ್ತಿರುವಾಗಲೇ ಮಧ್ಯೆ ಸಸಿ ಹಾಕುತ್ತಾರೆ. ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು ಅಂತ ಅವರಿಗೆ ಗೊತ್ತು.

ಡೆನ್ವರ್ ತಂಡ ಇದಕ್ಕೆ ತದ್ವಿರುದ್ಧ ಮಾಡಿತು. 2022ರಲ್ಲಿ ಸಿಯಾಟಲ್‌ನಿಂದ ರಸೆಲ್ ವಿಲ್ಸನ್‌ನನ್ನು ತರಲು ಮೊದಲ ಸುತ್ತಿನ ಎರಡು, ಎರಡನೇ ಸುತ್ತಿನ ಎರಡು ಆಯ್ಕೆ, ಮೇಲೆ ಮೂವರು ಆಟಗಾರರು. ಅವನು ಡೆನ್ವರ್ ಪರ ಒಂದು ಪಂದ್ಯ ಆಡುವ ಮೊದಲೇ ಐದು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ. ಆ ವರ್ಷ ಗೆದ್ದದ್ದು ಐದು, ಸೋತದ್ದು 12. ಎರಡೇ ವರ್ಷಕ್ಕೆ ಬಿಟ್ಟು ಕಳಿಸಿದರು, ಆದರೂ 8.5 ಕೋಟಿ ಡಾಲರ್ ಅವರ ಸ್ಯಾಲರಿ ಕ್ಯಾಪ್ ಲೆಕ್ಕದಲ್ಲೇ ಉಳಿಯಿತು. ಆಡದವನಿಗೆ ಅಷ್ಟು ದುಡ್ಡು! ಅತ್ತ ಸಿಯಾಟಲ್ ಆ ಆಯ್ಕೆಗಳಲ್ಲಿ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವ ಚಾರ್ಲ್ಸ್ ಕ್ರಾಸ್‌ನನ್ನೂ, ರಕ್ಷಣೆಗೆ ಡೆವನ್ ವಿದರ್‌ಸ್ಪೂನ್‌ನನ್ನೂ ಆರಿಸಿಕೊಂಡಿತು.

ಗ್ರೀನ್ ಬೇ ವಿಷಯಕ್ಕೆ ನಮ್ಮಲ್ಲಿ ಗಲಾಟೆ ಜೋರು. ಆರನ್ ರಾಡ್ಜರ್ಸ್ ಇರುವಾಗಲೇ 2020ರಲ್ಲಿ ಮೊದಲ ಸುತ್ತಿನಲ್ಲಿ ಜೋರ್ಡನ್ ಲವ್‌ನನ್ನು ತಂದರು. ರಾಡ್ಜರ್ಸ್ ಆ ವರ್ಷವೂ ಮರುವರ್ಷವೂ ಲೀಗಿನ ಶ್ರೇಷ್ಠ ಆಟಗಾರನಾದ, ಕಪ್ ಮಾತ್ರ ಬರಲಿಲ್ಲ. ಆ ಆಯ್ಕೆಯಲ್ಲಿ ಚೆಂಡು ಹಿಡಿಯುವ ಒಳ್ಳೆಯ ಹುಡುಗನನ್ನು ತಂದಿದ್ದರೆ ಗೆಲ್ಲುತ್ತಿದ್ದರು ಅಂತ ಗೆಳೆಯರ ವಾದ. ಇರಬಹುದು, ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೆ ರಾಡ್ಜರ್ಸ್ ತಾನೂ ಬ್ರೆಟ್ ಫಾವ್ರ್ ಹಿಂದೆ ಮೂರು ವರ್ಷ ಕಾದು ಬಂದವನೇ ಅಲ್ವಾ? 2023ರಲ್ಲಿ ಅವನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟರು. ಅಲ್ಲಿ ಮೊದಲ ಪಂದ್ಯದಲ್ಲಿ ನಾಲ್ಕನೇ ಸಲ ಚೆಂಡು ಕೈಗೆ ಬಂದಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ವರ್ಷ ಮುಗಿಯಿತು. ನೋಡುತ್ತಿದ್ದ ನಮಗೇ ಬಾಯಿಂದ ಮಾತು ಹೊರಡಲಿಲ್ಲ. ಅದೇ ವರ್ಷ ಲವ್ 32 ಟಚ್‌ಡೌನ್ (ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದು, ಪ್ಲೇಆಫ್‌ನಲ್ಲಿ ಡಲ್ಲಾಸ್ ತಂಡವನ್ನು ಅದರ ಮೈದಾನದಲ್ಲೇ 48-32ರಿಂದ ಸೋಲಿಸಿದ. ಮೂರು ವರ್ಷ ಹೆಚ್ಚುಕಡಿಮೆ ಬೆಂಚಿನಲ್ಲೇ ಕೂತಿದ್ದ ಹುಡುಗ!

ಲಾಸ್ ಏಂಜಲೀಸ್ ರಾಮ್ಸ್ ಎಲ್ಲ ಕೊಟ್ಟು ಗೆದ್ದಿತಲ್ಲ ಅಂತ ಕೇಳುತ್ತೀರಿ. ಹೌದು, ಮೊದಲ ಸುತ್ತಿನ ಎರಡು ಆಯ್ಕೆ ಸೇರಿಸಿ ಮ್ಯಾಥ್ಯೂ ಸ್ಟಾಫರ್ಡ್‌ನನ್ನು ತಂದು 2022ರ ಫೆಬ್ರವರಿಯಲ್ಲಿ ಕಪ್ ಎತ್ತಿದರು. ಅದಾದ ಮೇಲಿನ ವರ್ಷ ಐದೇ ಗೆಲುವು. ಆದರೂ ಅವರು ಬೇಗ ಎದ್ದು ನಿಂತದ್ದು ಕೆಳಗಿನ ಸುತ್ತುಗಳನ್ನು ಕೈಬಿಡದ ಕಾರಣಕ್ಕೆ. 2023ರಲ್ಲಿ ಐದನೇ ಸುತ್ತಿನಲ್ಲಿ, 177ನೆಯವನಾಗಿ ಸಿಕ್ಕ ಪೂಕಾ ನಕೂವಾ ಮೊದಲ ವರ್ಷವೇ ಎಸೆತ ಹಿಡಿದು 1,486 ಗಜ ಗಳಿಸಿ ಹೊಸಬರ ದಾಖಲೆ ಬರೆದ. ಸ್ಟಾಫರ್ಡ್‌ಗೆ ದುಡ್ಡು ಕೊಡುವಾಗಲೇ ಅಂಥ ಹುಡುಗರನ್ನು ಹುಡುಕುವವರೂ ಅಲ್ಲಿದ್ದರು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್ ನಡೆದಾಗ ಯಾವ ತಂಡ ಯಾರನ್ನು ಆರಿಸಿತು ಅಂತ ಹಾಕಿ, ಸರಿ. ಜೊತೆಗೆ ಆ ತಂಡದ ಈಗಿನ ಕ್ವಾರ್ಟರ್‌ಬ್ಯಾಕ್‌ಗೆ ವಯಸ್ಸೆಷ್ಟು, ಒಪ್ಪಂದ ಇನ್ನೆಷ್ಟು ವರ್ಷ ಇದೆ, ಅವನ ಹಿಂದೆ ಬೆಂಚಿನಲ್ಲಿ ಯಾರಿದ್ದಾರೆ ಅನ್ನುವುದನ್ನೂ ಎರಡು ಸಾಲು ಸೇರಿಸಿ.

ಇತಿ,
ನಿಮ್ಮ ಓದುಗ
ವಿದ್ಯಾನಗರ, ದಾವಣಗೆರೆ