ಅಮ್ಮನಿಗೆ ಓದುವಾಗ ಒಂದು ಪ್ಯಾರಾ ಬಿಡು

ಲೀಡ್ಸ್ (ಇಂಗ್ಲೆಂಡ್), ಭಾನುವಾರ

ಅಕ್ಕಾ,

ನಮಸ್ಕಾರ. ಇಲ್ಲಿ ಆರಾಮು, ಅಲ್ಲೂ ಹಾಗೇ ಅಂದುಕೊಂಡಿದ್ದೇನೆ. ನಿನ್ನ ಮೇಲ್ ಓದಿದೆ. ನಾನು ದುಡ್ಡು ತೆಗೆದುಕೊಂಡು ಔಷಧಿ ಪರೀಕ್ಷೆಗೆ ಸೇರಿದ್ದು ಅಮ್ಮನಿಗೆ ಗೊತ್ತಾಗಿದೆ. "ಮಗ ಮೈ ಮಾರಿ ದುಡ್ಡು ಮಾಡ್ತಿದ್ದಾನೆ" ಅಂತ ಅಮ್ಮ ಗಣಪಣ್ಣನ ಮನೆಗೆ ಹೋಗಿ ಅತ್ತು ಬಂದಳಂತೆ. ಗಣಪಣ್ಣನ ಮನೆಗೆ ಗೊತ್ತಾಯಿತು ಅಂದರೆ ನನಗೆ ಹೆಣ್ಣು ಕೇಳಿರುವ ಯಲ್ಲಾಪುರದವರಿಗೆ ತಲುಪಿದ ಹಾಗೇ. ಫೋನಲ್ಲಿ ಹೇಳೋಣ ಅಂದರೆ ಅಮ್ಮ ಮಾತು ಮುಗಿಯುವ ಮೊದಲೇ ಕಣ್ಣೀರು ಶುರು ಮಾಡುತ್ತಾಳೆ. ಅದಕ್ಕೇ ಬರೆದಿದ್ದೇನೆ, ಕೂರಿಸಿಕೊಂಡು ಓದಿ ಹೇಳು.

ಮೊದಲನೆಯದು, ಇದು ಮನುಷ್ಯರಿಗೆ ಮೊದಲ ಸಲ ಕೊಡುವ ಔಷಧಿ ಅಲ್ಲ. ನನಗಿಂತ ಮುಂಚೆ ಬೇರೆಯವರು ನುಂಗಿಯಾಗಿದೆ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ರಕ್ತಕ್ಕೆ ಎಷ್ಟು ಸೇರುತ್ತದೆ, ಜಿಡ್ಡಿನ ತಿಂಡಿಯ ಮೇಲೆ ತೆಗೆದುಕೊಂಡರೆ ಎಷ್ಟು, ಅಷ್ಟು ನೋಡುವ ಪರೀಕ್ಷೆ. ಖಾಲಿ ಹೊಟ್ಟೆಯದು ಮುಗಿಯಿತು. ಮೊದಲನೆಯದರ ಅಂಶ ಮೈಯಿಂದ ಪೂರ್ತಿ ಹೋಗಲಿ ಅಂತ ನಡುವೆ ಬಿಡುವು. ತಿಂಡಿಯದು ಬರುವ ವಾರ.

ಸೇರಿಸಿಕೊಳ್ಳುವ ಮುಂಚೆ ಏನೇನು ನೋಡಿದರು ಗೊತ್ತಾ? ಹೃದಯ, ಲಿವರ್, ಕಿಡ್ನಿ, ಮೂತ್ರ, ಎಚ್‌ಐವಿ, ಹೆಪಟೈಟಿಸ್. ನನ್ನ ಡಾಕ್ಟರಿಗೂ ಕಾಗದ ಬರೆದರು. ದುಡ್ಡಿನ ಆಸೆಗೆ ಒಬ್ಬನೇ ಎರಡು ಕಡೆ ಸೇರಬಾರದು ಅಂತ ಈ ದೇಶಕ್ಕೆಲ್ಲ ಒಂದು ದಾಖಲೆ ಇದೆ, ಅದರಲ್ಲೂ ಹುಡುಕಿದರು. ಯಲ್ಲಾಪುರದವರು ಇಷ್ಟು ವಿಚಾರಿಸಲಾರರು! ಎಲ್ಲ ಸರಿ ಇದೆ ಅಂತ ಬಂದಿದೆ. ಬೇಕಿದ್ದರೆ ಜಾತಕದ ಜೊತೆ ಆ ರಿಪೋರ್ಟೂ ಕಳಿಸು. ಆಮೇಲೆ ದಪ್ಪನೆ ಒಂದು ಮಾಹಿತಿ ಪತ್ರ ಮನೆಗೆ ಕೊಟ್ಟು ಕಳಿಸಿದರು. ಓದಿ ಬಂದ ಮೇಲೆ ಡಾಕ್ಟರು ಎದುರು ಕೂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು, ಸಹಿ ಅದಾದ ಮೇಲೆ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಎದ್ದು ಬರಬಹುದು, ಕಾರಣ ಕೊಡಬೇಕಿಲ್ಲ. ದುಡ್ಡು ಕೊಡುವುದು ನಮ್ಮ ಸಮಯಕ್ಕೆ, ತೊಂದರೆಗೆ. ಅಪಾಯಕ್ಕೆ ಬೆಲೆ ಕಟ್ಟುವ ಹಾಗಿಲ್ಲ. ಎಷ್ಟು ಕೊಡುತ್ತಾರೆ ಅನ್ನುವುದನ್ನೂ ಎಥಿಕ್ಸ್ ಕಮಿಟಿ, ಅಂದರೆ ಪರೀಕ್ಷೆ ನ್ಯಾಯವಾಗಿದೆಯೇ ಅಂತ ಪರಿಶೀಲಿಸುವ ಸಮಿತಿ, ನೋಡುತ್ತದೆ.

ಅಲ್ಲಿನ ದಿನ ಹೇಳಿದರೆ ನೀನು ನಗುತ್ತೀಯ. ಹಿಂದಿನ ರಾತ್ರಿಯಿಂದ ಹತ್ತು ಗಂಟೆ ಉಪವಾಸ, ಅಮ್ಮನ ಏಕಾದಶಿಯಲ್ಲಾದರೂ ಹಾಲು ಹಣ್ಣು ಉಂಟು. ರಕ್ತ ತೆಗೆಯಲು ಕೈಗೆ ಕ್ಯಾನುಲಾ ಅನ್ನುವ ಸಣ್ಣ ಕೊಳವೆ, ಎದೆಗೆ ಇಸಿಜಿ ಅಂಟಿಸಲು ಅಲ್ಲಲ್ಲಿ ಕೂದಲು ಬೋಳಿಸಿದ್ದಾರೆ, ಇನ್ನೂ ತುರಿಸುತ್ತಿದೆ. ಮಾತ್ರೆಗೆ ಅಳೆದ 240 ಮಿಲಿ ನೀರು. ನುಂಗಿದ ಮೇಲೆ ನರ್ಸ್ ಟಾರ್ಚ್ ಹಿಡಿದು ನಾಲಗೆ ಎತ್ತಿಸಿ, ಕೆನ್ನೆ ಒಳಗೆಲ್ಲ ನೋಡಿದಳು, ಎಲ್ಲಾದರೂ ಅಡಗಿಸಿದ್ದೇನೋ ಅಂತ! ಆಮೇಲೆ ನಾಲ್ಕು ಗಂಟೆ ಊಟವಿಲ್ಲ. ಗೋಡೆಯ ಗಡಿಯಾರ ನೋಡಿ ರಕ್ತ ತೆಗೆಯುತ್ತಾರೆ. ಪಕ್ಕದ ಹಾಸಿಗೆಯವನಿಗೆ ನನಗಿಂತ ಕೆಲವು ನಿಮಿಷ ತಡವಾಗಿ ಮಾತ್ರೆ ಕೊಟ್ಟಿರುತ್ತಾರೆ, ಆ ಲೆಕ್ಕದಲ್ಲಿ ನರ್ಸ್ ಒಂದೊಂದೇ ಹಾಸಿಗೆ ದಾಟಿಕೊಂಡು ಬರುತ್ತಾಳೆ. ನಾನು ಪಾಯಿಖಾನೆಗೆ ಹೋಗುವುದಕ್ಕೂ ಸಮಯ ಕೇಳಬೇಕು. ಒಟ್ಟು ತೆಗೆದ ರಕ್ತ ಇಲ್ಲಿ ರಕ್ತದಾನಕ್ಕೆ ತೆಗೆಯುವ 470 ಮಿಲಿಗಿಂತ ಕಡಿಮೆ. ಇದನ್ನು ಅಮ್ಮನಿಗೆ ಎರಡು ಸಲ ಓದು. ಉಳಿದ ಹೊತ್ತೆಲ್ಲ ಟಿವಿ, ಬೇಜಾರು.

ಭಾವ 2006ರ ಲಂಡನ್ ಸುದ್ದಿ ಹುಡುಕಿ ಅಮ್ಮನಿಗೆ ಓದಿ ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು. ಸುದ್ದಿ ಸುಳ್ಳಲ್ಲ. ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಎಂಟು ಜನರಲ್ಲಿ ಆರು ಜನಕ್ಕೆ ಹೊಸ ಔಷಧಿ, ಇಬ್ಬರಿಗೆ ಔಷಧಿಯಿಲ್ಲದ ದ್ರವ. ಆ ಆರೂ ಜನ ಐಸಿಯು ಸೇರಿದರು. ಜೀವ ಉಳಿಯಿತು, ಆದರೆ ಒಬ್ಬನ ಕಾಲ್ಬೆರಳುಗಳೂ ಕೆಲವು ಕೈಬೆರಳುಗಳ ತುದಿಯೂ ಹೋದವು. ಅದು ಮನುಷ್ಯರಿಗೆ ಮೊದಲ ಸಲ ಕೊಟ್ಟದ್ದು, ಅದನ್ನೂ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ. ಅದಾದ ಮೇಲೆ ನಿಯಮ ಬಿಗಿ ಮಾಡಿದರು. ಹೊಸದಾದರೆ ಮೊದಲು ಒಬ್ಬನಿಗೆ ಕೊಟ್ಟು ಕಾಯುತ್ತಾರೆ. ಅಪಾಯ ಇಲ್ಲವೇ ಇಲ್ಲ ಅಂತ ಇಲ್ಲಿಯವರೂ ಹೇಳುವುದಿಲ್ಲ. ಆದರೆ ನನಗೆ ತಲೆನೋವು ಸಹ ಬರಲಿಲ್ಲ. ಒಂದು ಸೀನೂ ಇಲ್ಲ. ತೂಕ ಕೂಡ ಇಳಿದಿಲ್ಲ.

ಇದನ್ನು ಅಮ್ಮನಿಗೆ ಓದಬೇಡ. ಕೊನೆಯ ಮಾತ್ರೆಯಾದ ಮೇಲೆ ಮೂರು ತಿಂಗಳು ಮಗು ಆಗದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಒಪ್ಪಿ ಸಹಿ ಹಾಕಿದ್ದೇನೆ. ಮುಂದೆ ಮಕ್ಕಳಾಗುವುದಿಲ್ಲ ಅಂತ ಇದರ ಅರ್ಥ ಅಲ್ಲ, ಖಂಡಿತ ಅಲ್ಲ. ವೀರ್ಯಾಣು ಹೊಸದಾಗಿ ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಅದಕ್ಕಾಗಿ ಮುಂಜಾಗ್ರತೆ. ಯಲ್ಲಾಪುರದವರು ನಾಳೆಯೇ ಒಪ್ಪಿದರೂ ಮುಹೂರ್ತ ವೈಶಾಖಕ್ಕೆ ತಾನೇ? ಅವರು ಕೇಳಿದರೆ ನೀನೇ ಹುಡುಗಿಯ ಅಕ್ಕನ ಹತ್ತಿರ ಮಾತಾಡು, ಗಂಡಸರ ಬಾಯಿಗೆ ಬೀಳುವುದು ಬೇಡ. ಹುಡುಗಿಗೆ ಬೇಕಿದ್ದರೆ ನಾನೇ ಕಾಗದ ತೋರಿಸುತ್ತೇನೆ, ಮುಚ್ಚಿಡುವಂಥದ್ದು ಏನಿಲ್ಲ. ಇನ್ನೊಂದು, ಬರುವ ವಾರದ ತಿಂಡಿ ಸಾವಿರ ಕ್ಯಾಲರಿ ಹತ್ತಿರ, ಅರ್ಧ ಗಂಟೆಯಲ್ಲಿ ತಟ್ಟೆ ಖಾಲಿ ಮಾಡಬೇಕು. ಹಂದಿಮಾಂಸ ತೆಗೆಸಿ ಚೀಸ್ ಹಾಕಿಸಿದ್ದೇನೆ. ಬೆಣ್ಣೆಯಲ್ಲಿ ಕರಿದ ಮೊಟ್ಟೆ ಎರಡು ಹಾಗೇ ಇವೆ.

ಅಮ್ಮ ಕಳಿಸಿದ ಡಬ್ಬಿ ಬಂತು. ಗಸಗಸೆ ಮಾತ್ರ ಕಪಾಟಿನಲ್ಲಿಟ್ಟಿದ್ದೇನೆ. ಪಾಯಸ ಕುಡಿದು ಹೋದರೆ ಮೂತ್ರ ಪರೀಕ್ಷೆಯಲ್ಲಿ ಅಫೀಮು ತಿಂದವನ ಹಾಗೆ ಬರಬಹುದಂತೆ! ಗ್ರೇಪ್‌ಫ್ರೂಟೂ ನಿಷೇಧ. ನಮ್ಮ ಹಿತ್ತಲಿನ ಚಕ್ಕೋತವೂ ಅದೇ ಜಾತಿ, ಕರುಳಲ್ಲಿ ಔಷಧಿ ಒಡೆಯುವ ಕೆಲಸ ತಡೆದು ರಕ್ತದಲ್ಲಿ ಔಷಧಿ ಜಾಸ್ತಿ ಮಾಡುತ್ತದಂತೆ. ಅಪ್ಪಯ್ಯ ಕೊಲೆಸ್ಟ್ರಾಲ್ ಮಾತ್ರೆ ನುಂಗಿ ದಿನಾ ಚಕ್ಕೋತ ತಿನ್ನುತ್ತಾರಲ್ಲ, ಸಿರ್ಸಿಗೆ ಹೋದಾಗ ಡಾಕ್ಟರನ್ನು ಒಮ್ಮೆ ಕೇಳಲಿ. ಮರೆಯಬೇಡ.

ಬಂದ ದುಡ್ಡು ಊರಿಗೆ ಬರುವ ಟಿಕೆಟ್ಟಿಗೆ, ಸಾಲಗೀಲ ಏನೂ ಇಲ್ಲ ಅಂತ ಅಮ್ಮನಿಗೆ ಗಟ್ಟಿಯಾಗಿ ಹೇಳು. ಯಲ್ಲಾಪುರದವರು ಏನಂದರು, ತಕ್ಷಣ ಬರೆ. ಅಂಗಡಿ ಇಲ್ಲಿ ಭಾನುವಾರ ನಾಲ್ಕಕ್ಕೇ ಮುಚ್ಚುತ್ತದೆ, ಹಾಲು ತರಬೇಕು, ಓಡುತ್ತೇನೆ. ಅಪ್ಪಯ್ಯನಿಗೆ ನಮಸ್ಕಾರ.

ರಾಘು